ಸವಿತಾ ಸಾವಿಗೆ ಕಾನೂನು ಹೊಣೆಯಲ್ಲ ಎನ್ನುವವರಿಗೆ

ಬೆಳಗಾವಿ ಮೂಲದ ದಂತವೈದ್ಯೆ ಸವಿತಾ ಹಾಲಪ್ಪನವರ ಐರ್ಲೆಂಡಿನ ಗಾಲ್ವೇ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡದ್ದು 2012ರ ಅಕ್ಟೋಬರ್ 28ರಂದು. ವಯಸ್ಸು 31. ಆ ಸಾವು ಎಬ್ಬಿಸಿದ ಸಿಟ್ಟು ಆರು ವರ್ಷಗಳಲ್ಲಿ ಅಲ್ಲಿಯ ಸಂವಿಧಾನವನ್ನೇ ಬದಲಿಸಿತು. ಆದರೂ ಗರ್ಭಪಾತಕ್ಕೆ ಕಟ್ಟುಪಾಡು ಬೇಕೆನ್ನುವವರು ಹಳೆಯ ಮಾತನ್ನೇ ಹೇಳುತ್ತಿದ್ದಾರೆ: ಆಕೆಯನ್ನು ಕೊಂದದ್ದು ನಂಜು, ಕಾನೂನಲ್ಲ, ಆಸ್ಪತ್ರೆಯ ನಿರ್ಲಕ್ಷ್ಯವನ್ನು ತಂದು ಕಾನೂನಿನ ತಲೆಗೆ ಕಟ್ಟಿದರು. ಅವರ ವಾದಗಳಲ್ಲಿ ತೂಕವಿರುವುದು ಇದಕ್ಕೇ. ಆದ್ದರಿಂದ ಇದನ್ನೇ ಮೊದಲು ನೋಡೋಣ.

ನಿರ್ಲಕ್ಷ್ಯ ನಡೆದದ್ದು ನಿಜ, ಅದನ್ನು ಯಾರೂ ಅಲ್ಲಗಳೆದಿಲ್ಲ. ದಾಖಲಾದ ದಿನ ತೆಗೆದ ರಕ್ತಪರೀಕ್ಷೆಯ ವರದಿಯನ್ನು ಹೊತ್ತಿಗೆ ಸರಿಯಾಗಿ ಯಾರೂ ಗಮನಿಸಲಿಲ್ಲ. ನಾಡಿ, ಜ್ವರ ನೋಡಬೇಕಾದ ಹೊತ್ತಿಗೆ ನೋಡಲಿಲ್ಲ. ಆಕೆಯನ್ನು ಉಳಿಸಬಹುದಾಗಿದ್ದ 13 ಅವಕಾಶಗಳು ಕೈತಪ್ಪಿದವು ಎಂದು ಅಲ್ಲಿಯ ಆರೋಗ್ಯ ಗುಣಮಟ್ಟ ಪ್ರಾಧಿಕಾರವೇ 2013ರಲ್ಲಿ ಹೇಳಿತು. ಸರಿ. ಆದರೆ ಆ ದಿನಗಳಲ್ಲಿ ಆಸ್ಪತ್ರೆ ಕಾಯುತ್ತಿದ್ದದ್ದು ಯಾವುದಕ್ಕೆ?

ಅಕ್ಟೋಬರ್ 21, ಭಾನುವಾರ. 17 ವಾರದ ಬಸುರಿ ಸವಿತಾ ಬೆನ್ನುನೋವೆಂದು ಆಸ್ಪತ್ರೆಗೆ ಬಂದರು. ಗರ್ಭ ಉಳಿಯುವುದಿಲ್ಲ ಎಂಬುದು ಅಂದೇ ಗೊತ್ತಾಯಿತು. ಅದೇ ರಾತ್ರಿ ನೀರು ಒಡೆಯಿತು. ಒಮ್ಮೆ ನೀರು ಒಡೆದರೆ ಗರ್ಭಕೋಶಕ್ಕೆ ಸೋಂಕಿನ ದಾರಿ ತೆರೆದಂತೆಯೇ ಎಂಬುದು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದ ಯಾರಿಗಾದರೂ ಗೊತ್ತು. ಹೇಗೂ ಉಳಿಯದ ಮಗು, ಇದನ್ನು ಮುಗಿಸಿಬಿಡಿ ಎಂದು ಸವಿತಾ ಕೇಳಿಕೊಂಡರು. ಭ್ರೂಣದ ಹೃದಯ ಬಡಿಯುತ್ತಿದೆ, ತಾಯಿಯ ಜೀವಕ್ಕೆ ಸದ್ಯ ಅಪಾಯವಿಲ್ಲ, ಹೀಗಿರುವಾಗ ಕಾನೂನು ಬಿಡುವುದಿಲ್ಲ ಎಂಬ ಉತ್ತರ ಬಂತು. ಇದು ಪತ್ರಿಕೆಯವರು ಕಟ್ಟಿದ ಕಥೆಯಲ್ಲ. ಸಾವಿನ ವಿಚಾರಣೆಯಲ್ಲಿ ಚಿಕಿತ್ಸೆ ಕೊಟ್ಟ ತಜ್ಞೆಯೇ ಹೇಳಿದ್ದು. ಇದು ಕ್ಯಾಥೊಲಿಕ್ ದೇಶ ಎಂದು ಸವಿತಾಗೆ ತಿಳಿಹೇಳಿದ್ದಾಗಿ ಒಬ್ಬ ಸೂಲಗಿತ್ತಿ ನರ್ಸ್ ಕೂಡ ಅಲ್ಲೇ ಒಪ್ಪಿಕೊಂಡರು. ಬುಧವಾರ ನಸುಕಿನಲ್ಲಿ ಸವಿತಾಗೆ ಚಳಿ ಹತ್ತಿ ಹಲ್ಲು ಕಟಕಟಿಸತೊಡಗಿದವು. ಪ್ಯಾರಾಸಿಟಮಾಲ್ ಕೊಟ್ಟು ಕಂಬಳಿ ಹೊದೆಸಿದರು. ಬೆಳಗಾಗುವಷ್ಟರಲ್ಲಿ ಜ್ವರ 39.6 ಡಿಗ್ರಿ ಸೆಲ್ಸಿಯಸ್, ನಾಡಿ 160. ಮಧ್ಯಾಹ್ನದ ಹೊತ್ತಿಗೆ, ಹೃದಯ ಬಡಿಯುತ್ತಿದ್ದರೂ ಸರಿ, ತೆಗೆದುಬಿಡೋಣ ಎಂಬ ತೀರ್ಮಾನ ಆಯಿತು. ಆಗ ನೋಡಿದರೆ ಭ್ರೂಣದ ಹೃದಯ ತಾನಾಗಿಯೇ ನಿಂತುಹೋಗಿತ್ತು. ನಂಜು ಅಷ್ಟರಲ್ಲಿ ಸವಿತಾರ ಮೈಯೆಲ್ಲ ಹರಡಿತ್ತು.

ಇಲ್ಲಿ ನಿರ್ಲಕ್ಷ್ಯವನ್ನೂ ಕಾನೂನನ್ನೂ ಬೇರೆಬೇರೆ ಮಾಡುವುದು ಹೇಗೆ? ಕಾಯುವುದೇ ಚಿಕಿತ್ಸೆ ಎಂದು ಗೊತ್ತುಮಾಡಿದ್ದು ಕಾನೂನು. ಕಾಯುವಾಗ ಎಚ್ಚರ ತಪ್ಪಿದ್ದು ಆಸ್ಪತ್ರೆ. ಲಂಡನ್ನಿನ ಪ್ರಸೂತಿ ತಜ್ಞ ಸಬರತ್ನಂ ಅರುಳ್‌ಕುಮಾರನ್ ನೇತೃತ್ವದ ತನಿಖಾ ತಂಡ, ಭ್ರೂಣದ ಹೃದಯ ನಿಲ್ಲುವವರೆಗೆ ಕೈಹಾಕಬಾರದೆಂಬುದಕ್ಕೆ ಅತಿಯಾದ ಒತ್ತು ಬಿದ್ದಿತ್ತೆಂದು ಬರೆಯಿತು. ಕಾನೂನನ್ನೂ ಕಾರಣಗಳ ಸಾಲಿನಲ್ಲಿ ಸೇರಿಸಿತು. ಸೋಮವಾರವೋ ಮಂಗಳವಾರವೋ ಗರ್ಭ ತೆಗೆದಿದ್ದರೆ ಆಕೆ ಬಹುಮಟ್ಟಿಗೆ ಬದುಕುತ್ತಿದ್ದರು, ಆದರೆ ಆ ದಿನಗಳಲ್ಲಿ ಹಾಗೆ ಮಾಡಲು ಕಾನೂನಿನಲ್ಲಿ ದಾರಿಯಿರಲಿಲ್ಲ ಎಂದು ಡಬ್ಲಿನ್ನಿನ ಹಿರಿಯ ತಜ್ಞ ಪೀಟರ್ ಬಾಯ್ಲನ್ ಸಾಕ್ಷ್ಯ ನುಡಿದರು. ನಿರ್ಲಕ್ಷ್ಯದ ವರದಿಗಳನ್ನು ಎತ್ತಿ ತೋರಿಸುವವರು ಈ ಸಾಲುಗಳನ್ನು ಬಿಟ್ಟು ಓದುತ್ತಾರೆ.

ತಾಯಿಯ ಜೀವ ಉಳಿಸಲು ಕಾನೂನಿನಲ್ಲಿ ವಿನಾಯಿತಿ ಇತ್ತಲ್ಲ ಎಂಬುದು ಎರಡನೆಯ ವಾದ. ಇತ್ತು, ಕಾಗದದ ಮೇಲೆ. 1983ರ ಎಂಟನೇ ತಿದ್ದುಪಡಿ ಬಸುರಿಯ ಜೀವವನ್ನೂ ಭ್ರೂಣದ ಜೀವವನ್ನೂ ಸಮ ಮಾಡಿತ್ತು. ಜೀವಕ್ಕೆ ನೈಜವೂ ಗಣನೀಯವೂ ಆದ ಅಪಾಯವಿದ್ದರೆ ಗರ್ಭಪಾತ ಮಾಡಬಹುದೆಂದು ಅಲ್ಲಿಯ ಸುಪ್ರೀಂ ಕೋರ್ಟ್ 1992ರಲ್ಲಿ ಹೇಳಿತು. ಅದನ್ನು ಕಾನೂನಾಗಿ ಬರೆಯಲು ಸಂಸತ್ತು ಇಪ್ಪತ್ತು ವರ್ಷ ಮನಸ್ಸು ಮಾಡಲಿಲ್ಲ. ಅಪಾಯ ಯಾವ ಗಳಿಗೆಯಲ್ಲಿ ಗಣನೀಯವಾಗುತ್ತದೆ ಎಂದು ಹೇಳುವವರು ಯಾರು? ಲೆಕ್ಕ ತಪ್ಪಿದರೆ 1861ರ ಕಾಯ್ದೆಯಡಿ ಜೀವಾವಧಿ ಶಿಕ್ಷೆ ತಲೆಯ ಮೇಲೆ ತೂಗುತ್ತಿರುವಾಗ ಯಾವ ವೈದ್ಯರಾದರೂ ಇನ್ನೊಂದು ದಿನ ನೋಡೋಣ ಎಂದೇ ಅಂದಾರು. ಪೋಲೆಂಡಿನಲ್ಲೂ ಇಂಥದೇ ವಿನಾಯಿತಿ ಇತ್ತು. ಅಲ್ಲಿಯ ಸಾಂವಿಧಾನಿಕ ನ್ಯಾಯಮಂಡಳಿ 2020ರಲ್ಲಿ ಕಾನೂನು ಬಿಗಿಗೊಳಿಸಿತು. ಮರುವರ್ಷ ಪ್ಶ್ಚಿನಾ ಎಂಬ ಊರಿನ ಆಸ್ಪತ್ರೆಯಲ್ಲಿ 22 ವಾರದ ಬಸುರಿಯೊಬ್ಬಳು ನೀರು ಒಡೆದ ಮೇಲೆ ಹೀಗೇ ನಂಜಾಗಿ ಸತ್ತಳು.

ಸವಿತಾ ಹೆಸರನ್ನು ರಾಜಕೀಯಕ್ಕೆ ಬಳಸಿಕೊಂಡರು ಎನ್ನುತ್ತಾರೆ. ಆಕೆಯದು ತಾನಾಗಿ ಇಳಿಯುತ್ತಿದ್ದ ಗರ್ಭ, ಹೊಸ ಕಾನೂನೋ 12 ವಾರದವರೆಗೆ ಕಾರಣವನ್ನೇ ಕೇಳುವುದಿಲ್ಲ ಎಂದು. ಹೆಸರಿನ ಮೇಲೆ ಹಕ್ಕಿರುವವರು ಏನೆಂದರು ನೋಡಿ. 2018ರ ಜನಮತಗಣನೆಗೆ ಮುಂಚೆ ಬೆಳಗಾವಿಯಿಂದಲೇ ಸವಿತಾರ ತಂದೆ ಅಂದಾನೆಪ್ಪ ಯಾಳಗಿ, ಎಂಟನೇ ತಿದ್ದುಪಡಿ ತೆಗೆದುಹಾಕುವ ಪರವಾಗಿ ಮತ ಹಾಕಿ ಎಂದು ಐರಿಷ್ ಜನರನ್ನು ಕೇಳಿಕೊಂಡರು. ಇನ್ನು 12 ವಾರದ ಮಾತು ಗುಟ್ಟಾಗಿ ನುಸುಳಿದ್ದೇನಲ್ಲ. ಸಾಮಾನ್ಯ ಜನರಿಂದಲೇ ಆಯ್ದ 99 ಮಂದಿಯ ನಾಗರಿಕ ಸಭೆ ತಿಂಗಳುಗಟ್ಟಲೆ ವಾದ ಕೇಳಿತ್ತು. ಮಸೂದೆಯ ರೂಪುರೇಷೆಯನ್ನು ಸರ್ಕಾರ ಮತದಾನಕ್ಕೆ ಮೊದಲೇ ಹೊರಗಿಟ್ಟಿತ್ತು. 1983ರಲ್ಲಿ ತಿದ್ದುಪಡಿಗೆ ಬಿದ್ದ ಮತ ಶೇ 66.9, ಅದನ್ನು ಕಿತ್ತುಹಾಕಲು 2018ರ ಮೇ 25ರಂದು ಬಿದ್ದದ್ದು ಶೇ 66.4. ಬೇಡವೆಂದ ಕ್ಷೇತ್ರ ಒಂದೇ, ಡೊನೆಗಲ್.

ಕಟ್ಟು ಸಡಿಲಿಸಿದೊಡನೆ ಗರ್ಭಪಾತ ಎರಡು ಪಟ್ಟಾಯಿತು ಎಂಬ ಲೆಕ್ಕವನ್ನೂ ಮುಂದಿಡುತ್ತಾರೆ. 2018ರಲ್ಲಿ ಗರ್ಭಪಾತಕ್ಕೆಂದು ಇಂಗ್ಲೆಂಡಿಗೆ ಹೋದವರು ಮೂರು ಸಾವಿರದ ಆಸುಪಾಸು, 2019ರಲ್ಲಿ ಐರ್ಲೆಂಡಿನಲ್ಲೇ ಆದದ್ದು 6,666. ಅಂಚೆಯಲ್ಲಿ ಕದ್ದು ತರಿಸಿ ನುಂಗಿದ ಮಾತ್ರೆಗಳು ಮೊದಲನೆಯ ಅಂಕಿಯಲ್ಲಿ ಸೇರಿಲ್ಲ. ಮಾತ್ರೆ ಇಷ್ಟು ಸುಲಭವಾಗಿ ಸಿಗದಿದ್ದ 2001ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಐರ್ಲೆಂಡಿನ ವಿಳಾಸ ಕೊಟ್ಟ ಹೆಂಗಸರು 6,673. ತಮಾಷೆಯೆಂದರೆ, ಗರ್ಭಪಾತಕ್ಕಾಗಿ ಹೊರದೇಶಕ್ಕೆ ಹೋಗುವ ಸ್ವಾತಂತ್ರ್ಯವನ್ನು 1992ರಿಂದ ಸಂವಿಧಾನವೇ ಕೊಟ್ಟಿತ್ತು. ನಿಷೇಧ ತಡೆದದ್ದು ಟಿಕೆಟ್ಟಿಗೆ ದುಡ್ಡಿಲ್ಲದವರನ್ನು, ವೀಸಾ ಇಲ್ಲದವರನ್ನು, ಹಾಸಿಗೆಯಿಂದ ಏಳಲಾಗದವರನ್ನು.

ಕೊನೆಯದು ನಮ್ಮವರದೇ ವಾದ: ಅದು ಐರ್ಲೆಂಡಿನ ಕಥೆ, ನಮ್ಮಲ್ಲಿ 1971ರಿಂದಲೇ ಉದಾರ ಕಾನೂನಿದೆ, ಬೆಳಗಾವಿಯಲ್ಲಿದ್ದಿದ್ದರೆ ಸವಿತಾ ಬದುಕುತ್ತಿದ್ದಳು. ಬದುಕುತ್ತಿದ್ದರೇನೋ, ತುರ್ತು ಸಂದರ್ಭದಲ್ಲಿ ಒಬ್ಬರೇ ವೈದ್ಯರು ನಿರ್ಧರಿಸಲು ನಮ್ಮ ಕಾಯ್ದೆ ಅವಕಾಶ ಕೊಡುತ್ತದೆ. ಆದರೆ ಬೀಗುವ ಮೊದಲು ಎರಡೂ ಕಾನೂನುಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. ನಮ್ಮಲ್ಲಿ ಇಂದಿಗೂ ತೀರ್ಮಾನ ವೈದ್ಯರ ಅಭಿಪ್ರಾಯದ್ದು, ಹೆಂಗಸಿನದಲ್ಲ. 2021ರ ತಿದ್ದುಪಡಿ ಕೆಲವು ವರ್ಗದವರಿಗೆ ಮಿತಿಯನ್ನು 20ರಿಂದ 24 ವಾರಕ್ಕೆ ಏರಿಸಿತೇ ಹೊರತು ಇದನ್ನು ಬದಲಿಸಲಿಲ್ಲ. 2018ರ ಐರಿಷ್ ಕಾಯ್ದೆಯಲ್ಲಿ ತನ್ನ ಗರ್ಭವನ್ನು ತಾನೇ ತೆಗೆಸಿಕೊಂಡ ಹೆಂಗಸು ಅಪರಾಧಿಯಲ್ಲ. ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮು, 1860ರ ದಂಡಸಂಹಿತೆಯಿಂದ ಇಳಿದು ಬಂದದ್ದು, ಆಕೆಯನ್ನೂ ಅಪರಾಧಿಗಳ ಸಾಲಿಗೆ ಸೇರಿಸುತ್ತದೆ. ಶಿಕ್ಷೆ ಮೂರು ವರ್ಷದವರೆಗೆ. ಹೊಟ್ಟೆಯಲ್ಲಿ ಮಗು ಮಿಸುಕಾಡತೊಡಗಿದ್ದರೆ ಏಳು ವರ್ಷದವರೆಗೆ.