ಖಾಲಿ ಜಾಗ ಅಂತ ಯಾವುದೂ ಇಲ್ಲ ಸ್ವಾಮಿ

ಕ್ಯಾರವಾನ್, ಕ್ಯಾಂಪರ್‌ವ್ಯಾನ್‌ಗಳ ಹುಚ್ಚು ಈಗ ಬೆಂಗಳೂರಿಗೂ ಹಿಡಿದಿದೆ. ಗಾಡಿಯೊಳಗೇ ಹಾಸಿಗೆ, ಒಲೆ, ಫ್ರಿಜ್, ಕಮೋಡು. ಶುಕ್ರವಾರ ಸಂಜೆ ಲಾಗೌಟ್ ಆಗಿ, ಬನಶಂಕರಿ ಕಡೆಯಿಂದ ನೈಸ್ ರೋಡ್ ಹತ್ತಿ, ನೆಲಮಂಗಲದಲ್ಲಿ ಹಾಸನದ ದಾರಿ ಹಿಡಿದರೆ ಮಧ್ಯರಾತ್ರಿಯೊಳಗೆ ಆಲೂರು, ಸಕಲೇಶಪುರ. ರೂಮ್ ಬುಕಿಂಗ್ ಬೇಡ, ಚೆಕ್-ಇನ್ ಟೈಮಿನ ತಲೆನೋವಿಲ್ಲ. ಇಂಥ ಟ್ರಿಪ್ಪಿಗೆ ಹೊರಟವರ ಪ್ಲ್ಯಾನಿಂಗ್ ಶೀಟ್ ನೋಡಿ: ಟೋಲ್, ಡೀಸೆಲ್, ಮಸಾಲೆ ಹಚ್ಚಿಟ್ಟ ಚಿಕನ್, ಸ್ಪೀಕರ್, ಯಾರು ಎಲ್ಲಿಂದ ಎಲ್ಲಿವರೆಗೆ ಡ್ರೈವ್ ಮಾಡ್ತಾರೆ, ಎಲ್ಲಕ್ಕೂ ಒಂದೊಂದು ಸಾಲು ಇರುತ್ತೆ. ರಾತ್ರಿ ಎಲ್ಲಿ ನಿಲ್ಲಿಸೋದು ಅನ್ನೋ ಸಾಲಿನ ಮುಂದೆ ಮಾತ್ರ ಇಷ್ಟೇ: "ಯಾವುದಾದ್ರೂ ಖಾಲಿ ಜಾಗ."

ನನ್ನ ತಕರಾರು ಇರುವುದು ಆ ಎರಡು ಪದಗಳ ಮೇಲೆ.

ಮೊದಲು ನಮ್ಮ ಏರಿಯಾದ ವಿಷಯಕ್ಕೇ ಬರೋಣ. ಜಯನಗರ, ಜೆ.ಪಿ. ನಗರದ ಯಾವ ಕ್ರಾಸಿಗಾದರೂ ಹೋಗಿ. ಗೇಟಿಗೊಂದು ಬೋರ್ಡು: "ಇಲ್ಲಿ ವಾಹನ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು." ರಸ್ತೆ ಸರ್ಕಾರದ್ದು, ಟಾರು ಹಾಕಿಸಿದ್ದು ಎಲ್ಲರ ತೆರಿಗೆ ದುಡ್ಡು. ಆದರೂ ಹೂಕುಂಡ ಇಟ್ಟು, ಸೈಜುಗಲ್ಲು ಇಟ್ಟು, ಮುರಿದ ಪ್ಲಾಸ್ಟಿಕ್ ಕುರ್ಚಿ ಇಟ್ಟು ಜಾಗ ಹಿಡಿದುಕೊಂಡಿರುತ್ತೇವೆ. ಊರಿಂದ ಬಂದ ನೆಂಟರ ಕಾರು ಒಂದು ರಾತ್ರಿ ಎದುರು ಮನೆ ಕಾಂಪೌಂಡಿನ ಪಕ್ಕ ನಿಂತರೆ ಬೆಳಿಗ್ಗೆ ಆರಕ್ಕೇ ಬೆಲ್ಲು ಒತ್ತುತ್ತಾರೆ. ಇನ್ನು ಗುರುತು ಪರಿಚಯ ಇಲ್ಲದ ಎಂಟು ಜನ ಜಯನಗರದ ಪಾರ್ಕೊಂದರ ಪಕ್ಕ ವ್ಯಾನ್ ನಿಲ್ಲಿಸಿ, ಕುರ್ಚಿ ಹಾಕಿಕೊಂಡು, ರಾತ್ರಿ ಹನ್ನೊಂದಕ್ಕೆ ಕೆಂಡದ ಮೇಲೆ ಕೋಳಿ ಸುಡುತ್ತಾ ಹಾಡು ಹಾಕಿದರೆ? ಹತ್ತು ನಿಮಿಷದಲ್ಲಿ 112ಕ್ಕೆ ಫೋನ್ ಹೋಗಿರುತ್ತೆ. ನಗರದಲ್ಲಿ ಒಂದೊಂದು ಅಡಿ ಜಾಗಕ್ಕೂ ವಾರಸುದಾರರಿದ್ದಾರೆ ಅಂತ ಗೊತ್ತಿರುವ ನಾವೇ, ಹಾಸನ ದಾಟಿದ ಕೂಡಲೇ ಅದನ್ನು ಮರೆಯುತ್ತೇವೆ.

ನಾನು ಬೆಳೆದದ್ದು ಅರೆಮಲೆನಾಡಿನ ಒಂದು ಹಳ್ಳಿಯಲ್ಲಿ. ಅಲ್ಲಿ ಪೇಟೆಯವರ ಕಣ್ಣಿಗೆ ಖಾಲಿ ಅಂತ ಕಾಣುವ ಪ್ರತಿ ಜಾಗಕ್ಕೂ ಒಂದು ಹೆಸರಿದೆ, ಒಂದು ಕೆಲಸವಿದೆ. ಹಸಿರು ಹುಲ್ಲಿನ ಬಯಲು ಗೋಮಾಳ. ಅದು ಊರ ದನಕರು ಮೇಯಲು ಬಿಟ್ಟ ಜಾಗ. ಮರದ ನೆರಳಿರೋದು ಗುಂಡುತೋಪು. ಚಪ್ಪಟೆಯಾಗಿ, ನಿಮ್ಮ ವ್ಯಾನಿಗೆ ಅಂತಲೇ ಹದ ಮಾಡಿದಂತೆ ಕಾಣೋದು ಕಣ. ಸುಗ್ಗಿ ಮುಗಿದ ಮೇಲೆ ರಾಗಿ, ಭತ್ತ ಬಡಿಯೋದು ಅಲ್ಲಿ. ಕೆರೆ ಪಕ್ಕದ ತೇವದ ನೆಲ ಕೆರೆ ಅಂಗಳ, ಮಳೆ ಬಂದರೆ ನೀರಿನದು. ಇನ್ನೂ ಮೇಲೆ ಹೋದರೆ ಶಿವಮೊಗ್ಗ, ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ದಕ್ಷಿಣ ಕನ್ನಡದಲ್ಲಿ ಕುಮ್ಕಿ, ಕೊಡಗಿನಲ್ಲಿ ಬಾಣೆ. ಕೊಡಗಿನಲ್ಲೇ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಇವಕ್ಕೆಲ್ಲ ಬೇಲಿ ಇಲ್ಲ, ಬೋರ್ಡು ಇಲ್ಲ. ಯಾಕೆಂದರೆ ಊರಿನವರಿಗೆ ಬೋರ್ಡು ಬೇಕಾಗಿಲ್ಲ. ಬೇಲಿ ಇಲ್ಲದ್ದನ್ನೆಲ್ಲ ಖಾಲಿ ಅಂದುಕೊಳ್ಳೋದು ಪಾಸ್‌ವರ್ಡ್ ಇಲ್ಲದ ವೈಫೈ ಕಂಡ ಕೂಡಲೇ ನಮ್ಮಪ್ಪಂದು ಅಂದುಕೊಂಡ ಹಾಗೆ.

ಇನ್ನು ಯಾರೂ ಮಾತಾಡದ ವಿಷಯ: ಕಕ್ಕಸು. ಕ್ಯಾಂಪರ್‌ವ್ಯಾನಿನ ಕಮೋಡು ಯಾವ ಮಾಯೆಯೂ ಅಲ್ಲ. ಅದರ ಕೆಳಗೊಂದು ಡಬ್ಬಿ. ಸಾಮಾನ್ಯವಾಗಿ 20 ಲೀಟರ್ ಆಸುಪಾಸಿನದು. ನಾಲ್ಕು ಜನಕ್ಕೆ ಒಂದೆರಡು ದಿನದಲ್ಲಿ ತುಂಬುತ್ತೆ. ಪಾತ್ರೆ ತೊಳೆದ, ಸ್ನಾನ ಮಾಡಿದ ನೀರಿಗೆ ಬೇರೆ ಟ್ಯಾಂಕು. ಅಮೆರಿಕದ ಆರ್‌ವಿ ವಿಡಿಯೋಗಳನ್ನು ನೋಡಿಯೇ ನಮ್ಮಲ್ಲಿ ಈ ಆಸೆ ಹುಟ್ಟಿದ್ದು. ಅಪಲಾಚಿಯನ್ ಬೆಟ್ಟದ ತಪ್ಪಲಲ್ಲಿ ವ್ಯಾನು, ಪಕ್ಕದಲ್ಲಿ ಬೆಂಕಿ, ಕೈಯಲ್ಲಿ ಕಾಫಿ ಮಗ್. ಆ ವಿಡಿಯೋಗಳಲ್ಲಿ ಹೆಚ್ಚು ಹೊತ್ತು ತೋರಿಸದ ಭಾಗ ಒಂದಿದೆ. ಅಲ್ಲಿನ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ನಿಲ್ಲಿಸುವ ಜಾಗಕ್ಕೆ ನಂಬರ್ ಇರುತ್ತೆ, ಬಾಡಿಗೆ ಇರುತ್ತೆ, ಕರೆಂಟು-ನೀರಿನ ಕನೆಕ್ಷನ್ ಸಿಗುತ್ತೆ, ರಾತ್ರಿ ಇಷ್ಟು ಹೊತ್ತಿನ ಮೇಲೆ ಸದ್ದು ಮಾಡಬಾರದು ಅನ್ನೋ ನಿಯಮ ಇರುತ್ತೆ. ಹೊರಡುವಾಗ ಟ್ಯಾಂಕ್ ಖಾಲಿ ಮಾಡೋಕೆ ಪ್ರತ್ಯೇಕ ಗುಂಡಿ ಇರುತ್ತೆ. ನಮ್ಮಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆ ಕ್ಯಾರವಾನ್ ಪಾರ್ಕ್‌ಗಳಿಗೆ ನೀತಿ ಮಾಡಿದ್ದು 2010ರಲ್ಲಿ. ಕೇರಳ ತನ್ನ 'ಕೆರವಾನ್' ಯೋಜನೆ ತಂದದ್ದು 2021ರಲ್ಲಿ. ನೀತಿ ಇದೆ, ಗಾಡಿ ಇದೆ. ನೀವು ಮ್ಯಾಪಿನಲ್ಲಿ ಪಿನ್ ಹಾಕಿಟ್ಟುಕೊಂಡ ಕೆರೆ ಏರಿಯ ಪಕ್ಕ ಆ ಗುಂಡಿ ಮಾತ್ರ ಇಲ್ಲ.

ಹಾಗಾದರೆ ಭಾನುವಾರ ಮಧ್ಯಾಹ್ನ ಆ 20 ಲೀಟರ್ ಎಲ್ಲಿಗೆ ಹೋಗುತ್ತೆ? ವಾಪಸ್ ತಂದರೆ ಬಹಳ ಒಳ್ಳೇದು. ತರದಿದ್ದರೆ ಮೋರಿಗೆ, ಹಳ್ಳಕ್ಕೆ, ಕಾಫಿ ತೋಟದ ಚರಂಡಿಗೆ. ಯಾರದಾದರೂ ಮನೆ ಕಕ್ಕಸಿಗೆ ಸುರಿದರೂ ಸುಲಭವಲ್ಲ. ಹಳ್ಳಿಯ ಎಷ್ಟೋ ಮನೆಗಳಲ್ಲಿರೋದು ಇಂಗುಗುಂಡಿ. ಮಣ್ಣಿನ ಸೂಕ್ಷ್ಮಜೀವಿಗಳು ಕೊಳೆಸಿ ಗೊಬ್ಬರ ಮಾಡಿದರೆ ತಾನೇ ಅದು ಕೆಲಸ ಮಾಡೋದು. ವಾಸನೆ ಬರದಿರಲಿ ಅಂತ ಕ್ಯಾಂಪರ್ ಡಬ್ಬಿಗೆ ಹಾಕುವ ನೀಲಿ ದ್ರಾವಣಗಳಲ್ಲಿ ಕೆಲವು ಆ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತವೆ. ನಿಮ್ಮ ಎರಡು ದಿನದ ಖುಷಿಗೆ ಅವರ ಗುಂಡಿ ಕೆಡುತ್ತೆ.

ದಕ್ಷಿಣ ಬೆಂಗಳೂರಿನವರಿಗೆ ಇದು ಹೊಸ ಅಭ್ಯಾಸವಲ್ಲ ಬಿಡಿ. ಬಸವನಗುಡಿಯ ದೊಡ್ಡ ಬಸವನ ಪಾದದಡಿ ಹುಟ್ಟುತ್ತಾಳೆ ಅಂತ ನಾವು ಹೆಮ್ಮೆಪಡುವ ವೃಷಭಾವತಿಯನ್ನು ಚರಂಡಿ ಮಾಡಿ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಕಳಿಸಿದವರು ನಾವು. ಗದ್ದೆಗೆ ನೀರಾಗಲಿ ಅಂತ ಕಟ್ಟಿದ ಕೆರೆ ಅದು. ನಮ್ಮ ಮನೆ ಕಸವನ್ನು ವರ್ಷಗಟ್ಟಲೆ ಮಾವಳ್ಳಿಪುರಕ್ಕೆ, ಮಂಡೂರಿಗೆ ಲಾರಿಯಲ್ಲಿ ಸಾಗಿಸಿದೆವು. 2014ರಲ್ಲಿ ಮಂಡೂರಿನ ಜನ ಬೀದಿಗಿಳಿದ ಮೇಲೇ ನಮಗೆ ಅಂಥದ್ದೊಂದು ಊರಿದೆ ಅಂತ ಗೊತ್ತಾಗಿದ್ದು. ಇದುವರೆಗೆ ಹಳ್ಳಿಗೆ ಹೊಲಸು ಕಳಿಸುವ ಕೆಲಸವನ್ನು ನಮ್ಮ ಪರವಾಗಿ ಕಾರ್ಪೊರೇಷನ್ ಮಾಡುತ್ತಿತ್ತು. ಕ್ಯಾಂಪರ್‌ವ್ಯಾನ್ ಬಂದ ಮೇಲೆ ನಾವೇ ಖುದ್ದಾಗಿ ಹೋಮ್ ಡೆಲಿವರಿ ಶುರು ಮಾಡಿದ್ದೇವೆ.

ಇನ್ನೊಂದು ಬೆಳವಣಿಗೆ ಗಮನಿಸಿ. 2024ರ ಗಣರಾಜ್ಯೋತ್ಸವದ ಲಾಂಗ್ ವೀಕೆಂಡಿನಲ್ಲಿ ಕುಮಾರಪರ್ವತದ ಬುಡದಲ್ಲಿ ಸಾವಿರಾರು ಜನ ಮುಗಿಬಿದ್ದರು. ಅದಾದ ಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಂತು. 2025ರ ಸೆಪ್ಟೆಂಬರ್‌ನಿಂದ ಮುಳ್ಳಯ್ಯನಗಿರಿ ಕಡೆ ಹೋಗುವ ಗಾಡಿಗಳಿಗೂ ಮುಂಚಿತ ಬುಕಿಂಗ್ ಕಡ್ಡಾಯ. ಒಳ್ಳೆಯದೇ. ಆದರೆ ಸ್ಲಾಟ್ ಸಿಗದವರು ಮನೆಯಲ್ಲಿ ಕೂರುವುದಿಲ್ಲ. ಗೇಟ್ ಇಲ್ಲದ ಊರು ಹುಡುಕುತ್ತಾರೆ. ಕ್ಯಾಂಪರ್‌ವ್ಯಾನಿಗೆ ರೂಮೂ ಬೇಡ, ಗೇಟೂ ಬೇಡ. ಇಲಾಖೆಯ ಲೆಕ್ಕಕ್ಕೆ ಸಿಗದ ಪ್ರವಾಸಿ ಅಂದರೆ ಇವನೇ.

ಆ ಗೇಟ್ ಇಲ್ಲದ ಊರುಗಳಲ್ಲಿ ರಾತ್ರಿ ಯಾರದ್ದು ಗೊತ್ತಾ? ಆಲೂರು, ಸಕಲೇಶಪುರ, ಬೇಲೂರು ಕಡೆ ರಾತ್ರಿ ಆನೆಯದ್ದು. ಆನೆ ಯಾವ ತೋಟದಲ್ಲಿದೆ ಅಂತ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಮೊಬೈಲಿಗೆ ಕಳಿಸುವ ಸಂದೇಶ ನೋಡಿಯೇ ಜನ ಬೆಳಿಗ್ಗೆ ಕೆಲಸಕ್ಕೆ ಹೊರಡುವುದು. ಮೈಸೂರು ದಸರಾದಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನ ಸತ್ತಿದ್ದು ಎಲ್ಲಿ? ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, 2023ರ ಡಿಸೆಂಬರ್ 4ರಂದು, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಇನ್ನೊಂದು ಸಲಗದ ದಾಳಿಗೆ. ಮಾವುತರು, ಇಲಾಖೆಯವರು, ಪಳಗಿದ ಆನೆಗಳು ಎಲ್ಲ ಇದ್ದಾಗಲೇ ಹೀಗೆ. ಅಂಥ ನೆಲದಲ್ಲಿ ಸೀರಿಯಲ್ ಸೆಟ್ ಹಾಕಿ, ಹಣ್ಣಿನ ಸಿಪ್ಪೆ ಸುತ್ತ ಎಸೆದು ಮಲಗುತ್ತೀರಿ. ನಿಮ್ಮ ಬೆಳಕು, ಸದ್ದಿಗೆ ಬೆದರಿ ಆನೆ ದಾರಿ ಬದಲಿಸಿದರೆ ಬೆಳಿಗ್ಗೆ ಅದಕ್ಕೆ ಎದುರಾಗುವುದು ನೀವಲ್ಲ, ಕಾಫಿ ಹಣ್ಣು ಕುಯ್ಯಲು ಹೊರಟ ಹೆಂಗಸು. ಮಂಗನ ಕಾಯಿಲೆಯದೂ ಅಷ್ಟೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರವನ್ನು ಹರಡುವುದು ಉಣುಗು. ಅದರ ಕಾಟ ಹೆಚ್ಚುವ ಒಣ ತಿಂಗಳುಗಳೂ ನಮ್ಮ ಕ್ಯಾಂಪಿಂಗ್ ಸೀಸನ್ನೂ ಒಂದೇ. ಯಾವ ಕಾಡಂಚಿನಲ್ಲಿ ಈ ವರ್ಷ ಮಂಗ ಸತ್ತಿದೆ ಅನ್ನೋದು ಆಶಾ ಕಾರ್ಯಕರ್ತೆಗೆ ಗೊತ್ತು, ಗೂಗಲ್ ಮ್ಯಾಪಿಗೆ ಗೊತ್ತಿಲ್ಲ. ನೀವು ಕೇಳಬೇಕು. ಕೇಳಬೇಕಾದರೆ ಊರೊಳಗೆ ಹೋಗಬೇಕು.

"ಹಳ್ಳಿಯವರಿಗೂ ನಾಲ್ಕು ಕಾಸು ಆಗುತ್ತಲ್ವಾ" ಅಂತೀರಿ. ಹೇಗೆ ಆಗುತ್ತೆ? ದಿನಸಿ ಬಂದದ್ದು ಜಯನಗರದ ಸೂಪರ್‌ಮಾರ್ಕೆಟಿನಿಂದ, ಡೀಸೆಲ್ ಹೈವೇಯಲ್ಲಿ, ಬಾಡಿಗೆ ಬೆಂಗಳೂರಿನ ವ್ಯಾನಿನವರಿಗೆ. ಹೋಮ್‌ಸ್ಟೇಯ ಮೇಲೆ ನೂರು ದೂರಿರಬಹುದು. ಆದರೂ ಅಲ್ಲಿ ಅಕ್ಕಿರೊಟ್ಟಿ ತಟ್ಟಿದವರಿಗೆ, ರೂಮು ಗುಡಿಸಿದವರಿಗೆ ಸಂಬಳ ಇದೆ. ಕ್ಯಾಂಪರ್‌ವ್ಯಾನಿನಿಂದ ಊರಿಗೆ ಸಿಗೋದು ಬೋರ್‌ವೆಲ್ ನಲ್ಲಿಯಲ್ಲಿ "ಅಣ್ಣಾ, ಸ್ವಲ್ಪ ನೀರು ತುಂಬಿಸ್ಕೊತೀವಿ" ಅನ್ನೋ ಮಾತು.

"ಹಳ್ಳಿಯವರೇನು ಕಮ್ಮಿನಾ, ಅವರೂ ಕೆರೆಗೆ ಪ್ಲಾಸ್ಟಿಕ್ ಹಾಕ್ತಾರೆ" ಅಂತಲೂ ಅಂತೀರಿ. ಹಾಕ್ತಾರೆ, ನಿಜ. ಅದಕ್ಕೆ ಊರಲ್ಲಿ ಜಗಳ ಆಗುತ್ತೆ, ಪಂಚಾಯ್ತಿಯಲ್ಲಿ ಮಾತಾಗುತ್ತೆ, ಮುಂದಿನ ಎಲೆಕ್ಷನ್‌ನಲ್ಲಿ ಲೆಕ್ಕ ಆಗುತ್ತೆ. ಅವರು ಆ ಕೆರೆಯ ಪಕ್ಕದಲ್ಲೇ ಬಾಳಬೇಕು. ನೀವು ಸೋಮವಾರ ಬೆಳಿಗ್ಗೆ ಸ್ಟ್ಯಾಂಡಪ್ ಕಾಲ್‌ನಲ್ಲಿರುತ್ತೀರಿ.

ಹಾಗಾದರೆ ಹೋಗಲೇಬಾರದಾ? ಹೋಗಿ. ಗಾಡಿ ಕಟ್ಟಿಕೊಂಡು ಬಂದು ಬಯಲಲ್ಲಿ ಬಿಡಾರ ಹೂಡುವುದು ನಮ್ಮ ನೆಲಕ್ಕೆ ಅಮೆರಿಕದಿಂದ ಬಂದದ್ದೇನಲ್ಲ. ಬಯಲುಸೀಮೆಯಲ್ಲಿ ಕುರಿಯವರು ಹಿಂಡು ಹೊಡೆದುಕೊಂಡು, ಹೆಂಡತಿ ಮಕ್ಕಳ ಸಮೇತ ಊರಿಂದೂರಿಗೆ ಹೋಗೋದನ್ನು ನೀವೂ ಹೈವೇ ಬದಿ ನೋಡಿರುತ್ತೀರಿ. ಅವರು ಯಾರ ಹೊಲಕ್ಕೂ ಸುಮ್ಮನೆ ನುಗ್ಗುವುದಿಲ್ಲ. ಊರಿಗೆ ಬಂದು ಯಜಮಾನರ ಜೊತೆ ಮಾತಾಡುತ್ತಾರೆ, ಎಷ್ಟು ರಾತ್ರಿ ಅಂತ ಒಪ್ಪಂದ ಆಗುತ್ತೆ, ಆಮೇಲೆ ಕೊಯ್ಲಾದ ಹೊಲದಲ್ಲಿ ಮಂದೆ ನಿಲ್ಲಿಸುತ್ತಾರೆ. ಬಿಟ್ಟುಹೋಗುವ ಗೊಬ್ಬರಕ್ಕಾಗಿ ರೈತನೇ ಅವರಿಗೆ ಕಾಳೋ ಕಾಸೋ ಕೊಡುತ್ತಾನೆ. ಒಂದು ರಾತ್ರಿ ತಂಗಿದವರಿಂದ ನೆಲಕ್ಕೆ ಲಾಭ ಆಗೋದು ಅಂದರೆ ಅದು. ನಾವು ಬಿಟ್ಟುಬರುವ ಡಬ್ಬಿಗೆ ಯಾವ ರೈತ ಕಾಸು ಕೊಡ್ತಾನೆ?

ಅಷ್ಟು ಲಾಭ ನಮ್ಮ ಕೈಯಲ್ಲಿ ಆಗಲ್ಲ, ನಷ್ಟವನ್ನಾದರೂ ತಪ್ಪಿಸಬಹುದು. ಹೊರಡುವ ಮೊದಲೇ ನಿಲ್ಲಿಸುವ ಜಾಗದ ಯಜಮಾನರ ಹೆಸರು, ಫೋನ್ ನಂಬರ್ ನಿಮ್ಮ ಹತ್ತಿರ ಇರಲಿ. ಹೋಮ್‌ಸ್ಟೇ ಅಂಗಳವೋ, ತೋಟದ ಮನೆಯ ಕಣವೋ, ಬಾಡಿಗೆ ಕೊಟ್ಟು ನಿಲ್ಲಿ. ಊಟ ಅವರ ಮನೆಯಿಂದ ಹೇಳಿ. ಇರುಳು ಬೀಳುವ ಮೊದಲು ತಲುಪಿ. ಆನೆ, ಉಣುಗಿನ ವಿಷಯ ಅವರನ್ನೇ ಕೇಳಿ. ಬೆಂಕಿ, ಸ್ಪೀಕರ್ ಬೇಡ. ಡಬ್ಬಿಯನ್ನು ಮುಚ್ಚಿ ಬೆಂಗಳೂರಿಗೇ ವಾಪಸ್ ತನ್ನಿ. ಅದನ್ನು ಎಲ್ಲಿ, ಹೇಗೆ ಖಾಲಿ ಮಾಡ್ತೀರಿ ಅಂತ ವ್ಯಾನ್ ಬಾಡಿಗೆ ಕೊಡುವವರನ್ನು ಅಡ್ವಾನ್ಸ್ ಕೊಡೋಕೆ ಮುಂಚೆ ಕೇಳಿ. ಉತ್ತರ ಬರದಿದ್ದರೆ ಆ ವ್ಯಾನ್ ಬೇಡ. ರೋಲ್‌ಬ್ಯಾಕ್ ಪ್ಲ್ಯಾನ್ ಇಲ್ಲದೆ ಶುಕ್ರವಾರ ಸಂಜೆ ಪ್ರೊಡಕ್ಷನ್‌ಗೆ ಕೈ ಹಾಕದ ನಮಗೆ ಇದು ಹೊಸದಾಗಿ ಕಲಿಯಬೇಕಾದ ಪಾಠವೇನಲ್ಲ.

ಕೇಳಿದಾಗ ಅವರು "ಬೇಡ ಕಣಪ್ಪ, ಮುಂದಕ್ಕೆ ಹೋಗಿ" ಅಂದರೆ ಬೇಜಾರು ಮಾಡಿಕೊಳ್ಳದೆ ಮುಂದಕ್ಕೆ ಹೋಗಿ. ಜೆ.ಪಿ. ನಗರದ ಗೇಟಿನ ಮೇಲೆ ನಾವು ಬರೆಸಿರೋದೂ ಅದನ್ನೇ, ಇನ್ನೂ ಸ್ವಲ್ಪ ಒರಟಾಗಿ.