ಬಾವಿಕಟ್ಟೆಯಿಂದ ಲಿಫ್ಟಿನವರೆಗೆ



ಗೋಕಾಕ, ಮೂಡಲಗಿ, ಹುಕ್ಕೇರಿಯ ಎಷ್ಟೋ ಮನೆಗಳಲ್ಲಿ ಇಂದು ಬೆಂಗಳೂರು ಅಥವಾ ಪುಣೆಯ ಬೃಹತ್ ವಸತಿ ಸಮುಚ್ಚಯಗಳ ಬಣ್ಣದ ಪುಸ್ತಿಕೆಗಳು ಕೈಯಿಂದ ಕೈಗೆ ದಾಟುತ್ತಿವೆ. ಮಗನೋ ಮಗಳೋ ಫ್ಲ್ಯಾಟ್ ಕೊಳ್ಳುವ ಹವಣಿಕೆಯಲ್ಲಿದ್ದಾರೆ; ಅದಕ್ಕಾಗಿ ಕಬ್ಬಿನ ಹೊಲದ ಒಂದು ತುಂಡು ಮಾರಾಟಕ್ಕೆ ಬಂದಿದೆ. ಕೊಳ್ಳಬೇಡಿರೆಂದು ನಾನು ಹೇಳುತ್ತಿಲ್ಲ. ಆ ಪುಸ್ತಿಕೆಯಲ್ಲಿ ಈಜುಕೊಳ, ವ್ಯಾಯಾಮಶಾಲೆ, ಉದ್ಯಾನಗಳನ್ನೆಲ್ಲ 'ಸಾಮೂಹಿಕ ಸೌಲಭ್ಯ' ಎಂದು ಕರೆದಿದ್ದಾರಲ್ಲ, ಆ 'ಸಾಮೂಹಿಕ' ಎಂಬ ಮಾತಿನ ಮೇಲೆ ನನ್ನ ತಕರಾರು.

ಇಂಥದೊಂದು ಫ್ಲ್ಯಾಟಿನ ಗೃಹಾಶೀರ್ವಾದಕ್ಕೆ ಹೋಗಿದ್ದೆ. ಹೆಬ್ಬಾಗಿಲಲ್ಲಿ ನನ್ನ ಹೆಸರು, ದೂರವಾಣಿ ಸಂಖ್ಯೆ, ಭಾವಚಿತ್ರ ಎಲ್ಲವನ್ನೂ ಪಡೆದು ಒಳಗೆ ಬಿಟ್ಟರು, ಅದಿರಲಿ. ಆ ಮನೆಯ ಅಡುಗೆ ಮಾಡುವ ತಾಯಿ ನಮ್ಮ ಸೀಮೆಯವರೇ. ಮನೆಯವರು ಬಳಸುವ ಲಿಫ್ಟಿನಲ್ಲಿ ಅವರು ಬರುವಂತಿಲ್ಲ, ಉದ್ಯಾನದ ಬೆಂಚಿನ ಮೇಲೆ ಕೂಡುವಂತಿಲ್ಲ. ನೂರಾರು ಕುಟುಂಬಗಳು ಹಂಚಿಕೊಂಡ ಬೆಂಚು ಅದು. ಅದನ್ನು ದಿನವೂ ಕಣ್ಣಾರೆ ಕಾಣುವ ಆ ತಾಯಿಗೆ ಮಾತ್ರ ಪಾಲಿಲ್ಲ!

'ಸ್ವಾಮಿ, ಊರಿನಲ್ಲಿ ಯಾವ ಸಮಾನತೆ ಇತ್ತು?' ಎಂದು ನೀವು ಕೇಳಬಹುದು. ನಿಜ. ಊರ ಬಾವಿಕಟ್ಟೆಯನ್ನು ಹತ್ತಲಾಗದೆ, ಯಾರಾದರೂ ನೀರು ಹೊಯ್ಯಲೆಂದು ಕೊಡ ಹಿಡಿದು ದೂರ ನಿಂತವರ ಮಕ್ಕಳು, ಮೊಮ್ಮಕ್ಕಳು ನಮ್ಮ ನಡುವೆಯೇ ಇದ್ದಾರೆ. ಅವರ ನೋವನ್ನು ಬಲ್ಲ ನಾವೇ ಆ ಬಾವಿಯ ಕಟ್ಟಳೆಯನ್ನು ನಗರದ ಲಿಫ್ಟಿಗೆ ಏರಿಸಿದರೆ ಏನೆನ್ನಬೇಕು?

ನಿಯಮ ಬಿಲ್ಡರನದು, ನಮ್ಮದಲ್ಲ ಎಂದು ನುಣುಚಿಕೊಳ್ಳುವಂತಿಲ್ಲ. ೧೯೭೨ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಪ್ರಕಾರ ಮೆಟ್ಟಿಲು, ಲಿಫ್ಟು, ಅಂಗಳಗಳಲ್ಲಿ ಪ್ರತಿಯೊಬ್ಬ ಒಡೆಯನಿಗೂ ಅವಿಭಜಿತ ಪಾಲುಂಟು. ಅದನ್ನು ಮನೆಯಿಂದ ಬೇರ್ಪಡಿಸಿ ಮಾರಲಾಗದು. ೨೦೧೬ರ ರೇರಾ ಕಾಯ್ದೆಯಂತೂ ಇಂಥ ಜಾಗಗಳನ್ನು ನಿವಾಸಿಗಳ ಸಂಘಕ್ಕೆ ಬರೆದುಕೊಡಬೇಕೆಂದು ಬಿಲ್ಡರನಿಗೆ ವಿಧಿಸುತ್ತದೆ. ಆಮೇಲೆ ಲಿಫ್ಟಿನ ಬಾಗಿಲಿಗೆ ಫಲಕ ತೂಗಹಾಕುವವರು ಯಾರು? ನೀವೇ, ನಿಮ್ಮ ಸಂಘವೇ.

ಸುಖದ ಪಾಲಿನ ಜೊತೆ ಹೊರೆಯ ಪಾಲೂ ಬರುತ್ತದೆ ಎಂಬುದನ್ನೂ ಆ ಪುಸ್ತಿಕೆ ದಪ್ಪಕ್ಷರದಲ್ಲಿ ಹೇಳುವುದಿಲ್ಲ. ಜಪಾನಿನ ಇಂಥ ಸಮುಚ್ಚಯಗಳಲ್ಲಿ ಒಡೆಯರು ನಿರ್ವಹಣಾ ಶುಲ್ಕವಲ್ಲದೆ ಮುಂದಿನ ದುರಸ್ತಿಯ ನಿಧಿಗೂ ತಿಂಗಳು ತಿಂಗಳು ಹಣ ಕಟ್ಟುತ್ತಾರೆ. ನಮ್ಮಲ್ಲಿ ಈಜುಕೊಳದ ಹೆಂಚು ಕಿತ್ತ ಮೇಲೆ ಜಗಳ ಆರಂಭ.

ಹಂಚಿಕೊಳ್ಳುವುದು ನಮಗೆ ಹೊಸತಲ್ಲ. ಹುಕ್ಕೇರಿಯಲ್ಲಿ ೧೯೬೯ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಅದರ ಚುನಾವಣೆಯ ಜಿದ್ದಾಜಿದ್ದಿ ನಿಮಗೆ ತಿಳಿದದ್ದೇ, ಅದನ್ನು ಹೊಗಳಲಾರೆ. ಆದರೂ ವಾಡೆಯ ದೀಪ, ಗುಡಿಸಲಿನ ದೀಪ ಎರಡೂ ಅಲ್ಲಿ ಒಂದೇ ತಂತಿಯಿಂದ ಉರಿಯುತ್ತವೆ. ಬಡವರಿಗೆಂದು ಬೇರೆ ಕಂಬ ನೆಟ್ಟಿಲ್ಲ.

ಫ್ಲ್ಯಾಟ್ ನೋಡಲು ಹೋದಾಗ ಈಜುಕೊಳದ ಆಳವನ್ನು ಕೇಳುತ್ತೀರಿ. ಕೆಲಸದವರು ಯಾವ ಲಿಫ್ಟಿನಲ್ಲಿ ಬರುತ್ತಾರೆ, ಅವರಿಗೆ ಶೌಚಾಲಯ ಎಲ್ಲಿದೆ, ಮಧ್ಯಾಹ್ನ ಬುತ್ತಿ ಬಿಚ್ಚಲು ನೆರಳೆಲ್ಲಿದೆ ಎಂದೂ ಕೇಳಿರಿ. ಸರಿಯಾದ ಉತ್ತರ ಬಾರದಿದ್ದರೆ, ಸಂಘದ ಮೊದಲ ಸಭೆಯಲ್ಲಿ ನಿಮ್ಮ ಮಗನೇ ಎದ್ದುನಿಂತು ಕೇಳಲಿ.