ಕೂಡುವ ಹೆಸರು, ಕಳೆಯುವ ಕೆಲಸ

ನಮ್ಮ ಗಣಿತದ ಪುಸ್ತಕಗಳಲ್ಲಿ ‘ಸಂಕಲನ’ವೆಂದರೆ ಕೂಡುವ ಲೆಕ್ಕ; ಕಳೆಯುವ ಲೆಕ್ಕಕ್ಕೆ ‘ವ್ಯವಕಲನ’ವೆಂದು ಹೆಸರು. ಚಲನಚಿತ್ರದ ತುಣುಕುಗಳನ್ನು ಆಯ್ದು, ಕತ್ತರಿಸಿ, ಹೊಂದಿಸಿ ಜೋಡಿಸುವಾತನನ್ನು ನಾವು ಸಂಕಲನಕಾರನೆಂದು ಕರೆಯುತ್ತ ಬಂದಿದ್ದೇವೆ. ಹೆಸರು ಕೂಡುವವನದು, ಕೆಲಸ ಮಾತ್ರ ಬಹುಮಟ್ಟಿಗೆ ಕಳೆಯುವವನದು. 1979ರಲ್ಲಿ ತೆರೆಕಂಡ ‘ಅಪೋಕಲಿಪ್ಸ್ ನೌ’ ಎಂಬ ಅಮೆರಿಕದ ಚಿತ್ರಕ್ಕಾಗಿ ತೆಗೆದ ಫಿಲ್ಮು 230 ಗಂಟೆಗಳಿಗೂ ಮಿಗಿಲಾಗಿತ್ತು. ಪ್ರೇಕ್ಷಕರ ಮುಂದೆ ಬಂದುದು ಸುಮಾರು ಎರಡೂವರೆ ಗಂಟೆಯ ಚಿತ್ರ. ಮಿಕ್ಕುದನ್ನೆಲ್ಲ ಸಂಕಲನಕಾರರು ಬದಿಗಿರಿಸಿದರು. ಬದಿಗಿರಿಸಿದುದು ಯಾರ ಕಣ್ಣಿಗೂ ಬೀಳದು. ಅದರೊಡನೆ, ಬದಿಗಿರಿಸಿದವನೂ ಕಣ್ಣಿಗೆ ಬೀಳದೆ ಹೋಗುತ್ತಾನೆ.

ಹೀಗೆ ಮರೆಯಲ್ಲಿ ದುಡಿಯುವವರ ಸಂಖ್ಯೆ ನಮ್ಮ ನಾಡಿನಲ್ಲಿ ಇಂದು ಸಣ್ಣದಲ್ಲ. ಚಲನಚಿತ್ರಗಳು ಒತ್ತಟ್ಟಿಗಿರಲಿ, ದಿನದಿನವೂ ಕಂತು ಮುಗಿಯಲೇಬೇಕಾದ ದೂರದರ್ಶನದ ಧಾರಾವಾಹಿಗಳು, ಹಗಲಿರುಳೆನ್ನದೆ ನಡೆಯುವ ಸುದ್ದಿವಾಹಿನಿಗಳು, ತಾಲ್ಲೂಕು ಪಟ್ಟಣಗಳ ಮದುವೆಯ ವಿಡಿಯೋಗಳು, ಎಲ್ಲಕ್ಕೂ ಸಂಕಲನಕಾರ ಬೇಕು. ಈ ಕೆಲಸಕ್ಕೆ ಬರುವ ತರುಣರಲ್ಲಿ ಅನೇಕರು ಕನ್ನಡ ಶಾಲೆಗಳಲ್ಲಿ ಓದಿದವರು. ಅವರು ವಿದ್ಯೆ ಕಲಿಯುವುದು ಎರಡು ಕಡೆ: ಹಿರಿಯನೊಬ್ಬನ ಪಕ್ಕದಲ್ಲಿ ಕುಳಿತು, ಇಲ್ಲವೆ ಅಂತರ್ಜಾಲದಲ್ಲಿ ಹುಡುಕಿ. ಅಂತರ್ಜಾಲದಲ್ಲಿ ಈಗ ಏನುಂಟು ಏನಿಲ್ಲ! ‘ಡಾವಿಂಚಿ ರಿಸಾಲ್ವ್’ ಎಂಬ ಸಂಕಲನ ತಂತ್ರಾಂಶದ ಒಂದು ಆವೃತ್ತಿಯನ್ನು ಅದನ್ನು ತಯಾರಿಸುವ ಕಂಪನಿ ಬೆಲೆಯಿಲ್ಲದೆ ಕೊಡುತ್ತದೆ. ಅದನ್ನು ಕಲಿಸುವ ಪುಸ್ತಕಗಳನ್ನೂ ಉಚಿತವಾಗಿ ಒದಗಿಸಿದೆ. ಹೊಸ ಉಪಕರಣಗಳ ವಾರ್ತೆ, ನುರಿತವರ ಸಂದರ್ಶನ, ಚರ್ಚೆ, ಎಲ್ಲವೂ ಹೇರಳವಾಗಿವೆ. ಆದರೆ ಅವುಗಳಲ್ಲಿ ಗಟ್ಟಿಯಾದ ಸಾಮಗ್ರಿ ಬಹುಪಾಲು ಇಂಗ್ಲಿಷಿನದು. ಕನ್ನಡದ ಪಾಲಿಗೆ ಹೆಚ್ಚಾಗಿ ದೊರೆಯುವುದು ಯಾವ ಗುಂಡಿಯನ್ನೊತ್ತಿದರೆ ಏನಾಗುತ್ತದೆ ಎಂಬುದನ್ನು ತೋರಿಸುವ ಪುಟ್ಟ ಪಾಠಗಳು.

ಗುಂಡಿಯ ಪಾಠವನ್ನು ನಾನು ಹಳಿಯುವುದಿಲ್ಲ. ಹೊಟ್ಟೆಪಾಡಿಗೆ ಅದು ಅವಶ್ಯಕ. ಆದರೆ ಉಪಕರಣದ ಜ್ಞಾನಕ್ಕೆ ಆಯುಸ್ಸು ಕಡಮೆ. 2011ರಲ್ಲಿ ಆಪಲ್ ಕಂಪನಿ ತನ್ನ ‘ಫೈನಲ್ ಕಟ್ ಪ್ರೊ’ ತಂತ್ರಾಂಶವನ್ನು ತೀರ ಬೇರೆಯೇ ಆದ ರೂಪದಲ್ಲಿ ಹೊರತಂದು, ಹಳೆಯದರ ಮಾರಾಟವನ್ನು ನಿಲ್ಲಿಸಿತು. ಹಳೆಯದನ್ನು ನಂಬಿದ್ದ ವೃತ್ತಿನಿರತರು ಲೋಕದ ಎಲ್ಲೆಡೆ ಕಂಗಾಲಾದರು. ಕೈ ಮಾತ್ರ ಪಳಗಿದ್ದವನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಕಣ್ಣೂ ಪಳಗಿದ್ದವನಿಗೆ ಬದಲಾದುದು ಕತ್ತರಿ ಮಾತ್ರ.

ಕಣ್ಣಿನ ಆ ಪಳಗುವಿಕೆಯೇ ನಿಜವಾದ ವಿದ್ಯೆ. ರಷ್ಯದ ಲೆವ್ ಕುಲೆಶೋವ್ ಸುಮಾರು ನೂರು ವರ್ಷಗಳ ಹಿಂದೆ ನಡೆಸಿದನೆಂದು ಹೇಳುವ ಪ್ರಯೋಗವೊಂದುಂಟು. ನಟನೊಬ್ಬನ ನಿರ್ವಿಕಾರ ಮುಖದ ಒಂದೇ ಚಿತ್ರಿಕೆಯನ್ನು ಒಮ್ಮೆ ಊಟದ ಬಟ್ಟಲಿನೊಡನೆ, ಒಮ್ಮೆ ಶವಪೆಟ್ಟಿಗೆಯೊಡನೆ, ಒಮ್ಮೆ ಸುಂದರಿಯೊಡನೆ ಜೋಡಿಸಿದಾಗ, ನೋಡಿದವರು ಅದೇ ಮುಖದಲ್ಲಿ ಹಸಿವನ್ನೂ ಶೋಕವನ್ನೂ ಅನುರಾಗವನ್ನೂ ಕಂಡರಂತೆ. ‘ಅಪೋಕಲಿಪ್ಸ್ ನೌ’ ಚಿತ್ರದ ಸಂಕಲನಕಾರರಲ್ಲಿ ಒಬ್ಬರಾದ ವಾಲ್ಟರ್ ಮರ್ಚ್ ಅವರು, ಎಲ್ಲಿ ಕತ್ತರಿಸಬೇಕೆಂಬುದಕ್ಕೆ ಆರು ಒರೆಗಲ್ಲುಗಳನ್ನು ಹೇಳಿ ಅವಕ್ಕೆ ತೂಕವನ್ನೂ ಗೊತ್ತುಮಾಡಿದ್ದಾರೆ. ಭಾವಕ್ಕೆ ನೂರಕ್ಕೆ 51, ಕಥೆಗೆ 23, ಲಯಕ್ಕೆ 10. ನೋಟದ ಹರಿವು, ಚಿತ್ರದ ಚೌಕಟ್ಟು, ಸ್ಥಳದ ಹೊಂದಿಕೆ ಎಂಬಿವಕ್ಕೆ ಕ್ರಮವಾಗಿ 7, 5, 4. ಪಾತ್ರಧಾರಿ ಎಲ್ಲಿ ನಿಂತಿದ್ದನೆಂಬ ಹೊಂದಿಕೆ, ಹೊಸಬರನ್ನು ಬಹಳವಾಗಿ ಕಾಡುವ ಚಿಂತೆ, ಇಲ್ಲಿ ಕಟ್ಟಕಡೆಯದು. ಭಾವ ಕೆಡುವುದಾದರೆ ಉಳಿದುದನ್ನು ಬಿಟ್ಟುಕೊಡಬಹುದು ಎಂಬುದು ಇದರ ತಾತ್ಪರ್ಯ.

ಈ ಮಾತು ಕನ್ನಡಿಗನ ಕಿವಿಗೆ ಹೊಸದೇನಲ್ಲ. ಎರಡು ಮಾತುಗಳ ನಡುವೆ, ಹೇಳದೆ ಉಳಿದ ಅರ್ಥ ಹೊಮ್ಮುವುದನ್ನು ನಮ್ಮ ಕಾವ್ಯಮೀಮಾಂಸೆ ‘ಧ್ವನಿ’ಯೆಂದು ಕರೆಯಿತು, ಯಾವುದು ಎಲ್ಲಿ ಎಷ್ಟಿರಬೇಕೆಂಬ ವಿವೇಕವನ್ನು ‘ಔಚಿತ್ಯ’ವೆಂದಿತು. ಶಾಸ್ತ್ರವೇಕೆ, ಕರಾವಳಿಯ ತಾಳಮದ್ದಳೆಯನ್ನು ನೋಡಿ. ಪ್ರಸಂಗದ ಪದ್ಯಗಳಲ್ಲಿ ಇಂದಿಗೆ ಇಷ್ಟು ಸಾಕೆಂದು ಆಯುವವನು ಭಾಗವತ. ಅರ್ಥಧಾರಿಯ ಮಾತು ತುದಿಗೇರಿದ ಕ್ಷಣವನ್ನರಿತು ಮುಂದಿನ ಪದ್ಯವನ್ನೆತ್ತುವವನೂ ಅವನೇ. ಒಂದು ಗಳಿಗೆ ಮೊದಲಾದರೆ ರಸಭಂಗ, ಒಂದು ಗಳಿಗೆ ತಡವಾದರೆ ಬೇಸರ. ಸಂಕಲನ ಇದಕ್ಕಿಂತ ಬೇರೆಯೇನು? ಇಷ್ಟೆಲ್ಲ ಸಂಪತ್ತಿದ್ದೂ ಧಾರಾವಾಹಿಯ ಕೋಣೆಯಲ್ಲಿ ಕುಳಿತ ಹುಡುಗನಿಗೂ ಇದಕ್ಕೂ ಸಂಬಂಧ ಬೆಸೆಯುವವರಿಲ್ಲ. ಸಿನಿಮಾ ಕುರಿತ ನಮ್ಮ ಬರವಣಿಗೆ ಬಹುಮಟ್ಟಿಗೆ ನಟರ ಜೀವನ, ನಿರ್ದೇಶಕರ ಸಾಧನೆ, ಕಥೆಯ ವಿಮರ್ಶೆಗಳಲ್ಲಿಯೇ ನಿಂತಿದೆ. ಕಾವ್ಯಮೀಮಾಂಸೆಯನ್ನು ಪರೀಕ್ಷೆಗಾಗಿ ಪಾಠ ಹೇಳುವ ನಾವು ಅಧ್ಯಾಪಕರೂ ಈ ಹೊಣೆಯಿಂದ ಹೊರಗಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ‘ಸಂಸ್ಕಾರ’ (1970) ಕನ್ನಡದ ಹೆಮ್ಮೆಯ ಚಿತ್ರ. ಅದನ್ನು ಸಂಕಲಿಸಿದವರು ವಿದೇಶೀಯರಾದ ಸ್ಟೀವನ್ ಕಾರ್ಟಾ. ಹಾಗಿರುವಾಗ ಸಂಕಲನಕ್ಕೆ ಕನ್ನಡದ ಹಂಗೇಕೆ ಎಂದು ಕೇಳುವವರುಂಟು. ನಿಜ, ಚಿತ್ರಕ್ಕೆ ಸಂಕಲನಕಾರನ ಮಾತೃಭಾಷೆ ಯಾವುದಾದರೂ ಆದೀತು. ಆದರೆ ಕಲಿಯುವವನಿಗೆ ತಾನು ಆಲೋಚಿಸುವ ಭಾಷೆಯಲ್ಲಿ ವಿದ್ಯೆ ಬೇಕು. ಆ ವಿದೇಶೀಯರಿಗೆ ಅದು ಅವರ ಭಾಷೆಯಲ್ಲಿತ್ತು. ಎರಡನೆಯದು ಪರಿಭಾಷೆಯ ಭಯ. ಕಟ್, ಫ್ರೇಮ್, ಟೈಮ್‌ಲೈನ್ ಎಂಬ ಮಾತುಗಳನ್ನು ತೆಗೆದುಹಾಕಿ ನಾಲಗೆ ಹೊರಳದ ಸಂಸ್ಕೃತ ಸಮಾಸಗಳನ್ನು ಹೇರಬೇಕೆಂದು ಯಾರೂ ಕೇಳುತ್ತಿಲ್ಲ. ಅವು ಕೆಲಸಗಾರರ ನಾಲಗೆಯಲ್ಲಿ ಕನ್ನಡವೇ ಆಗಿಹೋಗಿವೆ, ಹಾಗೆಯೇ ಇರಲಿ. ಕನ್ನಡದಲ್ಲಿ ಆಗಬೇಕಾದುದು ಪದಗಳ ಟಂಕಸಾಲೆಯಲ್ಲ, ಇಲ್ಲಿ ಏಕೆ ಕತ್ತರಿಸಿದೆ, ಅಲ್ಲಿ ಏಕೆ ಬಿಟ್ಟೆ ಎಂಬುದರ ವಿವರಣೆ.

ಆ ವಿವರಣೆ ಕೊಡಬಲ್ಲ ಹಿರಿಯರು ನಮ್ಮಲ್ಲಿದ್ದಾರೆ. ಫಿಲ್ಮನ್ನು ಕೈಯಲ್ಲಿ ಹಿಡಿದು ಕತ್ತರಿಸಿದ ತಲೆಮಾರಿನವರು ಇನ್ನೂ ಕೆಲವರು ಉಳಿದಿರುವಾಗಲೇ ಅವರ ಅನುಭವವನ್ನು ಪಡೆಯಬೇಕು. ಅವರು ಬರೆಯುವವರಲ್ಲ ಎಂಬುದು ನೆಪವಾಗಲಾರದು. ಮರ್ಚ್ ಅವರ ಪ್ರಸಿದ್ಧ ಪುಸ್ತಕವೂ 1988ರಲ್ಲಿ ಸಿಡ್ನಿಯಲ್ಲಿ ಮಾಡಿದ ಒಂದು ಭಾಷಣದಿಂದ ಬೆಳೆದದ್ದು. ಮೈಸೂರು ವಿಶ್ವವಿದ್ಯಾನಿಲಯ ಹಿಂದೆ ಊರೂರುಗಳಲ್ಲಿ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ, ಅವನ್ನು ಅಗ್ಗದ ಕಿರುಹೊತ್ತಗೆಗಳಾಗಿ ಅಚ್ಚುಹಾಕಿಸಿದ್ದು ನಮಗೆ ಮೇಲ್ಪಂಕ್ತಿಯಾಗಬೇಕು. ಚಲನಚಿತ್ರ ಅಕಾಡೆಮಿಯೋ ಒಂದು ವಿಶ್ವವಿದ್ಯಾನಿಲಯವೋ ವರ್ಷಕ್ಕೆ ನಾಲ್ವರು ಸಂಕಲನಕಾರರನ್ನು ಕರೆಸಲಿ. ಅವರವರ ಚಿತ್ರದ ಒಂದೊಂದು ದೃಶ್ಯವನ್ನು ಮುಂದಿಟ್ಟುಕೊಂಡು ಮಾತನಾಡಿಸಲಿ. ಆ ಮಾತನ್ನು ಬರೆದು ತಿದ್ದಿಕೊಡುವ ಕೆಲಸ ಕನ್ನಡ ಅಧ್ಯಾಪಕರದಾಗಲಿ. ಅಚ್ಚಾದುದನ್ನು ಅಂತರ್ಜಾಲದಲ್ಲಿಯೂ ಎಲ್ಲರಿಗೂ ಉಚಿತವಾಗಿ ದೊರೆಯುವಂತೆ ಮಾಡಲಿ. ಇದಕ್ಕೆ ದೊಡ್ಡ ಅನುದಾನ ಬೇಡ. ಇದೂ ವಿದ್ಯೆಯೆಂಬ ಗೌರವ ಬೇಕು.

ಕತ್ತರಿಯನ್ನು ಕಂಪನಿಗಳು ಪುಕ್ಕಟೆಯಾಗಿಯೇ ಕೊಡುತ್ತಿವೆ. ಎಲ್ಲಿ ಕತ್ತರಿಸಬೇಕು, ಏಕೆ ಕತ್ತರಿಸಬೇಕು ಎಂಬುದನ್ನು ಆ ಹುಡುಗನಿಗೆ ಅವನ ನುಡಿಯಲ್ಲಿ ಹೇಳುವ ಹೊಣೆ ನಮ್ಮದು.